ದೇವರಿಗೆ ತೆರೆ ಎಳೆದು ಮಾಡಿದ ಬ್ಯಾಲೆ

ಅಲ್ಲಾಳಸಂದ್ರದ ಒಂದು ಕಟ್ಟಡದಲ್ಲಿ ಕೆಳಗೆ ಪೈಪು, ಪೇಂಟು ಮಾರುವ ಅಂಗಡಿ, ಮೊದಲ ಮಹಡಿಯಲ್ಲಿ ಡಾಕ್ಟರುಗಳನ್ನು ತಯಾರಿಸುವ ಕೋಚಿಂಗ್ ಸೆಂಟರು, ಎರಡನೆಯ ಮಹಡಿಯಲ್ಲಿ ಯುರೋಪು. ಯುರೋಪಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ಒಂದು ಗೋಡೆಗೆ ಪೂರ್ತಿ ಕನ್ನಡಿ, ಎದುರು ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಸ್ಟೀಲ್ ಪೈಪು. ಬ್ಯಾಲೆಯ ಮೊದಲ ಪಾಠಗಳೆಲ್ಲ ನಡೆಯುವುದು ಆ ಪೈಪನ್ನು ಹಿಡಿದುಕೊಂಡೇ. ಅದನ್ನು ಮಾಡಿಕೊಟ್ಟವರು ಮನೆಗಳ ಬಾಲ್ಕನಿಗೆ ಗ್ರಿಲ್ ಕೂರಿಸುವವರು. ಅಭ್ಯಾಸಬಲದಿಂದ ಎರಡೂ ತುದಿಗೆ ಒಂದೊಂದು ಕಮಲದ ಮೊಗ್ಗು ಇಟ್ಟುಕೊಟ್ಟಿದ್ದಾರೆ. ಯಾರೂ ತೆಗೆಸಿಲ್ಲ.

ನಾನು ಹನ್ನೊಂದನೆಯ ವಯಸ್ಸಿನಿಂದ ಆ ಪೈಪನ್ನು ಹಿಡಿದುಕೊಂಡಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ನಾನು ನರ್ತಕಿಯಾಗುವುದಿಲ್ಲ ಎಂಬುದು ನನಗೂ ನನ್ನ ಎಡಮೊಣಕಾಲಿಗೂ ಒಟ್ಟಿಗೇ ಗೊತ್ತಾಯಿತು. ಹಗಲು ಬೇರೆ ಕೆಲಸ ಮಾಡುತ್ತೇನೆ. ಸಂಜೆ ನಾಲ್ಕೂವರೆಯಿಂದ ಇಲ್ಲಿ ಸಹಾಯಕ ಶಿಕ್ಷಕಿ. ಸಹಾಯಕ ಎಂದರೆ ಚಿಕ್ಕ ಮಕ್ಕಳ ಮಂಡಿ ನೇರ ಮಾಡುವುದು, ದೊಡ್ಡ ಮಕ್ಕಳ ತಾಯಂದಿರ ಫೋನಿಗೆ ಉತ್ತರಿಸುವುದು ಮತ್ತು ಶಾಲೆಯ ಕರಪತ್ರವನ್ನು ಕನ್ನಡದಲ್ಲಿ ಬರೆಯುವುದು.

ಶಾಲೆ ನಡೆಸುವವರನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಮೇಡಂ ಒಳ್ಳೆಯ ಶಿಕ್ಷಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ. ಕರಪತ್ರದಲ್ಲಿ ‘ವಿಶ್ವದರ್ಜೆಯ ತರಬೇತಿ’ ಎಂಬುದು ಅವರ ಮಾತು. ‘ವರ್ಷವಿಡೀ ವೇದಿಕೆಯ ಅವಕಾಶಗಳು’ ಎಂಬುದು ನನ್ನದು. ಅವಕಾಶಗಳು ಎಂದು ಬಹುವಚನದಲ್ಲಿ ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತದ್ದು ನಿಜ. ಆಮೇಲೆ ಬರೆಯಿತು.

ಆ ವರ್ಷ ಒಂದು ಹುಡುಗಿಗೆ ಆ ಬಹುವಚನದಲ್ಲಿ ಒಂದಾದರೂ ಬೇಕಿತ್ತು.

ಹುಡುಗಿಗೆ ಹದಿನೈದು, ಹತ್ತನೆಯ ತರಗತಿ. ಕಟ್ಟಡ ಅವಳ ತಾತನದು. ಅದರ ಅಕ್ಕಪಕ್ಕದ ಎರಡು ಕಟ್ಟಡಗಳೂ ಅವರವೇ. ಅವು ಒಂದು ಕಾಲಕ್ಕೆ ಅವರ ರಾಗಿ ಹೊಲ, ಈಗ ಬಾಡಿಗೆ ಬೆಳೆಯುತ್ತದೆ. ಆರು ವರ್ಷದವಳಿದ್ದಾಗ ಮೇಲಿನ ಮಹಡಿಯಲ್ಲಿ ಧಡಧಡ ಎನ್ನುವುದು ಏನೆಂದು ನೋಡಿಕೊಂಡು ಬರಲು ತಾತ ಅವಳನ್ನು ಕಳಿಸಿದ್ದರಂತೆ. ನೋಡಲು ಬಂದವಳು ಕೆಳಗೆ ಇಳಿಯಲೇ ಇಲ್ಲ. ಒಂಬತ್ತು ವರ್ಷದಲ್ಲಿ ಅವಳು ನಾವು ಕಲಿಸಿದ್ದಕ್ಕಿಂತ ಹೆಚ್ಚು ಕಲಿತಿದ್ದಳು. ಇದು ಹೇಗಾಯಿತೆಂದು ಮೇಡಂ ಕೇಳಿಕೊಳ್ಳಲಿಲ್ಲ, ಪೋಷಕರ ಸಭೆಯಲ್ಲಿ ಹೇಳಿಕೊಂಡರು ಅಷ್ಟೆ.

ಬೇರೆ ರಾಜ್ಯದ ಒಂದು ದೊಡ್ಡ ಬ್ಯಾಲೆ ಶಾಲೆ ಪ್ರತಿ ಬೇಸಿಗೆಯಲ್ಲೂ ಆರು ವಾರದ ತರಬೇತಿ ಕೊಡುತ್ತದೆ. ಕೆಲವೇ ಮಕ್ಕಳನ್ನು ವೀಡಿಯೊ ನೋಡಿ ಆರಿಸುತ್ತಾರೆ. ನಿಯಮಗಳು ಸರಳ. ನಿಜವಾದ ವೇದಿಕೆಯಾಗಿರಬೇಕು, ಎದುರಿಗೆ ಪ್ರೇಕ್ಷಕರಿರಬೇಕು. ವೀಡಿಯೊ ಎಲ್ಲೂ ಕತ್ತರಿಸಿರಬಾರದು. ತಲೆಯಿಂದ ಪಾದದವರೆಗೆ ಕಾಣಬೇಕು. ಮತ್ತು ಪಾಯಿಂಟ್ ಶೂ ಹಾಕಿರಬೇಕು. ಪಾಯಿಂಟ್ ಶೂ ಎಂದರೆ ಹೊರಗೆ ಸ್ಯಾಟಿನ್ ಬಟ್ಟೆ, ತುದಿಯಲ್ಲಿ ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿದ ಗೂಡು. ಅದರೊಳಗೆ ಬೆರಳುಗಳನ್ನು ತೂರಿಸಿ ಇಡೀ ದೇಹವನ್ನು ಎರಡು ಕಾಲಿನ ಹೆಬ್ಬೆರಳುಗಳ ಮೇಲೆ ನಿಲ್ಲಿಸುವುದು. ನೋಡುವವರಿಗೆ ತೇಲಿದಂತೆ ಕಾಣುತ್ತದೆ. ಒಳಗೆ ಏನಾಗುತ್ತಿರುತ್ತದೆ ಎಂಬುದನ್ನು ಕರಪತ್ರದಲ್ಲಿ ಬರೆಯುವುದಿಲ್ಲ.

ಅರ್ಜಿಗೆ ಸೆಪ್ಟೆಂಬರ್ ಕೊನೆಯ ದಿನ ಗಡುವು. ನಮ್ಮ ಶಾಲೆಯ ವಾರ್ಷಿಕೋತ್ಸವ ಜನವರಿಯಲ್ಲಿ. ಹುಡುಗಿಯ ಅಪ್ಪ ಜೂನ್ ತಿಂಗಳಲ್ಲೇ ಮೆಟ್ಟಿಲ ಬಳಿ ಮೇಡಂ ಅವರನ್ನೂ ನನ್ನನ್ನೂ ನಿಲ್ಲಿಸಿ ಹೇಳಿದ್ದರು:

“ಮೇಡಂ, ಕ್ಲಿಯರಾಗಿ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಕ್ಯಾಂಪಿಗೆ ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಟೆಂತ್ ಆದ್ಮೇಲೆ ಡ್ಯಾನ್ಸ್ ಬಂದ್. ಏಪ್ರಿಲ್‌ನಿಂದ ಇವ್ಳು ಒಂದೇ ಮಹಡಿ ಹತ್ತೋದು.”

ಒಂದೇ ಮಹಡಿ ಎಂದರೆ ಕೋಚಿಂಗ್ ಸೆಂಟರು. ಹುಡುಗಿ ಪಕ್ಕದಲ್ಲೇ ಇದ್ದಳು. ಅವಳು ನನ್ನ ಹಾಗೆ, ಬೇಕಾದದ್ದನ್ನು ಮುಖದ ಮೇಲೆ ಇಟ್ಟುಕೊಳ್ಳುವುದಿಲ್ಲ. ಬ್ಯಾಗಿನ ಜಿಪ್ ಎಳೆದಳು, ಮತ್ತೆ ಬಿಟ್ಟಳು, ಮತ್ತೆ ಎಳೆದಳು.

ಹೀಗೆ ಅವಕಾಶಗಳ ಹುಡುಕಾಟ ಶುರುವಾಯಿತು.

ಮೊದಲನೆಯದು ಗಂಗಾನಗರದ ಒಂದು ಹೊಸ ಸೂಪರ್ ಮಾರ್ಕೆಟ್ಟಿನ ಉದ್ಘಾಟನೆ. ನರ್ತಿಸಲು ತರಕಾರಿಗೂ ಸಾಬೂನಿಗೂ ನಡುವೆ ಜಾಗ ಕೊಟ್ಟರು. ನೆಲದ ಟೈಲ್ಸ್ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಹುಡುಗಿಯ ಭಯವೂ ಕಾಣುತ್ತಿತ್ತು. ಎರಡನೆಯ ತಿರುವಿಗೆ ಜಾರಿದಳು. ಬೀಳಲಿಲ್ಲ, ಬಟ್ಟೆಪುಡಿಯ ಗೋಪುರವನ್ನು ಹಿಡಿದುಕೊಂಡಳು. ಗೋಪುರ ಬಿತ್ತು. ಪ್ರೇಕ್ಷಕರು, ಅಂದರೆ ಸಾಲಿನಲ್ಲಿ ನಿಂತು ಬಿಲ್ಲಿಗೆ ಕಾಯುತ್ತಿದ್ದವರು, ಆಗ ಮಾತ್ರ ತಿರುಗಿ ನೋಡಿದರು.

ಎರಡನೆಯದು ಹೆಸರಘಟ್ಟದ ಕಡೆ ಒಬ್ಬ ಬಿಲ್ಡರಿನ ಮಾದರಿ ಮನೆಯ ಪ್ರದರ್ಶನ. ‘ಓಪನ್ ಏರ್ ಸ್ಟೇಜ್’ ಎಂದು ಮೇಡಂ ಹೇಳಿದ್ದರು. ಏರ್ ಇತ್ತು, ಓಪನ್ನೂ ಇತ್ತು. ಸ್ಟೇಜ್ ಇರಲಿಲ್ಲ. ಹಿಂದಿನ ದಿನವಷ್ಟೇ ಹಾಸಿದ ಹುಲ್ಲಿಗೆ ಧಾರಾಳವಾಗಿ ನೀರು ಬಿಟ್ಟಿದ್ದರು. ಹುಡುಗಿ ಹೆಬ್ಬೆರಳ ಮೇಲೆ ಎದ್ದಳು, ಹೆಬ್ಬೆರಳು ಹುಲ್ಲಿನೊಳಗೆ ಇಳಿಯಿತು. ಎತ್ತರವಾಗಬೇಕಾದವಳು ಗಿಡ್ಡವಾದಳು. ಶೂ ಒಣಗಲು ಮೂರು ದಿನ ಬೇಕಾಯಿತು. ಒದ್ದೆಯಾದ ಶೂ ಆಮೇಲೆ ಚಪಾತಿ ಹಿಟ್ಟಿನಷ್ಟು ಗಟ್ಟಿಯಾಗಿ ಉಳಿದಿತ್ತು, ಹೊಸದನ್ನು ತರಿಸಬೇಕಾಯಿತು.

“ಎಕ್ಸ್‌ಪೀರಿಯೆನ್ಸ್ ಅಂತ ತಗೋ ಕಂದ,” ಎಂದರು ಮೇಡಂ.

“ಆ ಕ್ಯಾಂಪ್‌ನವ್ರು ಎಕ್ಸ್‌ಪೀರಿಯೆನ್ಸ್ ಕೇಳ್ತಿಲ್ಲ ಮೇಡಂ. ವೀಡಿಯೊ ಕೇಳ್ತಿದ್ದಾರೆ,” ಎಂದಳು ಹುಡುಗಿ. ಮೇಡಂ ನನ್ನ ಕಡೆ ನೋಡಿದರು, ಆ ಮಾತನ್ನು ನಾನು ಹೇಳಿಕೊಟ್ಟ ಹಾಗೆ. ಹೇಳಿಕೊಟ್ಟಿರಲಿಲ್ಲ, ಆದರೆ ಅದರ ವಾಕ್ಯರಚನೆ ನನಗೆ ಇಷ್ಟವಾಯಿತು.

ಉಳಿದದ್ದು ಒಂದೇ. ಬಡಾವಣೆಯ ಗಣೇಶೋತ್ಸವ. ಪೆಂಡಾಲು ಹಾಕುವ ಖಾಲಿ ಸೈಟು ತಾತನದು, ಸಮಿತಿಯ ಅಧ್ಯಕ್ಷರೂ ತಾತ. ಮೊಮ್ಮಗಳು ಕೇಳಿದ್ದೇ ತಡ, ಮೂರನೆಯ ಸಂಜೆ ಆರೂವರೆಗೆ, ಆರ್ಕೆಸ್ಟ್ರಾ ಶುರುವಾಗುವ ಮೊದಲು, ಅವಳಿಗೆ ಜಾಗ ಸಿಕ್ಕಿತು. ಸ್ಟೇಜು ನಿಜವಾದದ್ದು, ದಪ್ಪ ಹಲಗೆಯದು. ಪ್ರೇಕ್ಷಕರು ಇನ್ನೂರಕ್ಕೆ ಕಡಿಮೆಯಿಲ್ಲ. ನಮ್ಮ ಶಾಲೆಯ ನೆಲಕ್ಕೆ ಹಾಸುವ ಬೂದು ಬಣ್ಣದ ಶೀಟನ್ನು ಸುರುಳಿ ಸುತ್ತಿ ಗೂಡ್ಸ್ ಆಟೊದಲ್ಲಿ ಒಯ್ದು ಹಲಗೆಯ ಮೇಲೆ ಹಾಸಿ, ಅಂಚಿಗೆ ಟೇಪು ಹಚ್ಚಿದೆವು. ನಾನು ಅಳತೆ ತೆಗೆದೆ. ದೀಪ ಎಲ್ಲಿಂದ ಬೀಳುತ್ತದೆ ಎಂದು ನೋಡಿದೆ. ಮೂರನೆಯ ಸಾಲಿನ ಹಿಂದೆ ಫೋನಿನ ಸ್ಟ್ಯಾಂಡು ನಿಲ್ಲಿಸಿ, ತಲೆಯಿಂದ ಪಾದದವರೆಗೆ ಕಾಣುತ್ತದೆಯೇ ಎಂದು ನಾಲ್ಕು ಬಾರಿ ಪರೀಕ್ಷಿಸಿದೆ. ಎಲ್ಲವನ್ನೂ ಯೋಚಿಸಿದ್ದೇನೆ ಎಂಬ ತೃಪ್ತಿ ನನಗಿತ್ತು. ಅದು ಎಂ.ಎಸ್ಸಿ. ಮಾಡಿದವರಿಗೆ ಬರುವ ಕಾಯಿಲೆ.

ಸ್ಟೇಜಿನ ಹಿಂಭಾಗದಲ್ಲಿ ಎಂಟಡಿಯ ಗಣಪತಿ ಕೂತಿದ್ದ. ಅದನ್ನು ನಾನು ಹಿನ್ನೆಲೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಹುಡುಗಿ ಬಿಳಿ ಡ್ರೆಸ್ಸಿನಲ್ಲಿ, ಕಾಲಿಗೆ ರಿಬ್ಬನ್ ಬಿಗಿದುಕೊಂಡು, ಸ್ಟೇಜಿನ ಮೆಟ್ಟಿಲಿಗೆ ಬಂದಳು. ಮೆಟ್ಟಿಲ ಬಳಿ ತಾತ ರೇಷ್ಮೆ ಶಲ್ಯ ಹೊದ್ದು ನಿಂತಿದ್ದರು. ಮೊಮ್ಮಗಳ ಮುಖ ನೋಡಿ ಹಿಗ್ಗಿದರು. ಕಾಲು ನೋಡಿ ಕೈ ಅಡ್ಡ ಹಿಡಿದರು.

“ಏನವ್ವಾ ಇದು, ಕಾಲ್ಗೆ ಆಕ್ಕೊಂಡಿರಾದು?”

“ಶೂ, ತಾತ.”

“ಗಣಪ್ಪನ್ ಮುಂದೆ ಮೆಟ್ಟಾಕ್ಕೊಂಡು ಕುಣೀತಾರಾ ಯಾರಾದ್ರೂ?”

“ಇದು ಮೆಟ್ಟಲ್ಲ ತಾತ. ಇದು... ಶೂನೇ. ಆದ್ರೆ ಬೇರೆ ಥರ. ರೋಡಲ್ಲಿ ಹಾಕಲ್ಲ ಇದನ್ನ. ಮನೇಲಿ ನೋಡಿದ್ದೀರಲ್ಲ?”

“ನೋಡಿವ್ನಿ. ಅದ್ಕೇ ಯೋಳ್ತಾ ಇರಾದು. ನಿಮ್ಮಜ್ಜಿ ಅದುನ್ನ ಎಲ್ಲಿ ಮಡಗವ್ಳೆ?”

ಅಜ್ಜಿ ಅದನ್ನು ಇಡುವುದು ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಅರೆಯಲ್ಲಿ. ಎರಡು ವರ್ಷದ ಹಿಂದೆಯೇ ಆ ಮನೆಯಲ್ಲಿ ತೀರ್ಪು ಆಗಿಹೋಗಿತ್ತು. ನಮಗೆ ಅದರ ಪ್ರತಿ ಸಿಕ್ಕಿರಲಿಲ್ಲ ಅಷ್ಟೆ.

ಇದರಲ್ಲಿ ವಿಚಿತ್ರವೆಂದರೆ ನಾವೆಲ್ಲರೂ ಅಲ್ಲಿ ಬರಿಗಾಲಲ್ಲಿ ನಿಂತಿದ್ದೆವು. ಮೇಡಂ ಬರಿಗಾಲು, ನಾನು ಬರಿಗಾಲು, ಶೀಟು ಹಾಸಿದ ಆಟೊದವರೂ ಬರಿಗಾಲು. ಪೆಂಡಾಲಿನ ಹೊರಗೆ ಕಟ್ಟಿದ ಹಗ್ಗದ ಆಚೆ ನನ್ನ ಚಪ್ಪಲಿಯನ್ನು ಯಾರೂ ಹೇಳದೆ ನಾನೇ ಬಿಟ್ಟು ಬಂದಿದ್ದೆ. ಕಾಲು ತನ್ನಷ್ಟಕ್ಕೆ ಬಿಟ್ಟಿತ್ತು. ಕಾಲಿಗೆ ಗೊತ್ತಿದ್ದದ್ದು ಮೂರು ವಾರದಿಂದ ತಯಾರಿ ನಡೆಸಿದ್ದ ತಲೆಗೆ ಹೊಳೆದಿರಲಿಲ್ಲ. ಆ ಗುಲಾಬಿ ಸ್ಯಾಟಿನ್ನನ್ನು ನಾವು ವರ್ಷಗಟ್ಟಲೆ ಎಷ್ಟು ಭಕ್ತಿಯಿಂದ ನೋಡಿದ್ದೆವೆಂದರೆ, ಅದು ಪಾದರಕ್ಷೆಯ ಕುಲಕ್ಕೆ ಸೇರಿದ್ದು ಎಂಬುದೇ ಮರೆತುಹೋಗಿತ್ತು.

ಮೇಡಂ ಮುಂದೆ ಬಂದರು. ಕಟ್ಟಡದ ಮಾಲೀಕರ ಹತ್ತಿರ ಮಾತಾಡುವಾಗ ಅವರ ಧ್ವನಿ ಬೇರೆಯೇ, ಪಿಯಾನೊದ ಹಾಗೆ.

“ಸರ್, ಪ್ರಾಬ್ಲಮ್ಮೇ ಇಲ್ಲ. ಬರಿಗಾಲಲ್ಲೇ ಮಾಡ್ತಾಳೆ. ಈಗ ಫಾರಿನ್ನಲ್ಲೂ ಬೇರ್‌ಫುಟ್ ಟ್ರೆಂಡು.”

ಹುಡುಗಿ ನನ್ನ ಕಡೆ ತಿರುಗಿದಳು. “ಅಕ್ಕಾ, ಶೂ ಇಲ್ದಿದ್ರೆ ವೀಡಿಯೊ ತಗೊಳಲ್ಲ ಅಲ್ವಾ?”

“ತಗೊಳಲ್ಲ,” ಎಂದೆ.

“ಹಾಗಾದ್ರೆ ಬರಿಗಾಲಲ್ಲಿ ಯಾಕ್ ಮಾಡ್ಲಿ?”

ತಾತನಿಗೂ ಮೊಮ್ಮಗಳ ಮುಖ ನೋಡಿ ಕಷ್ಟವಾಯಿತು. ಅವರು ಕೆಟ್ಟವರಲ್ಲ. ಗಣಪತಿಗೂ ಮೊಮ್ಮಗಳಿಗೂ ನಡುವೆ ಸಿಕ್ಕಿಕೊಂಡವರು ದಾರಿ ಹುಡುಕುವಂತೆ ಬಗ್ಗಿ ಶೂ ಮುಟ್ಟಿ ನೋಡಿದರು.

“ಬಟ್ಟೆ ಇದ್ದಂಗೈತೆ. ಚರ್ಮ ಐತಾ ಇದ್ರಲ್ಲಿ?”

“ಅಯ್ಯೋ ಇಲ್ಲ ಸರ್! ಪೂರ್ತಿ ರೇಷ್ಮೆ!” ಎಂದರು ಮೇಡಂ, ಪ್ರಶ್ನೆ ಮುಗಿಯುವ ಮೊದಲೇ.

ತಾತನ ಮುಖ ಸಡಿಲವಾಯಿತು. ರೇಷ್ಮೆಯನ್ನು ದೇವರಿಗೇ ಉಡಿಸುತ್ತಾರೆ. ಆದರೆ ಅವರು ವ್ಯವಹಾರ ಕಂಡವರು. ಸೈಟು ಕೊಳ್ಳುವಾಗ ಮಾರುವವರನ್ನು ಬಿಟ್ಟು ಪಕ್ಕದ ಮನೆಯವರನ್ನು ವಿಚಾರಿಸುವ ಹಾಗೆ, ನನ್ನ ಕಡೆ ತಿರುಗಿದರು.

“ನೀವ್ ಯೋಳಿ ಟೀಚರಮ್ಮ. ನೀವು ಮಾತಾಡಾದು ಕಮ್ಮಿ. ಐತಾ?”

ಇತ್ತು. ಅಂಗಾಲಿನ ಕೆಳಗೆ, ಎಲೆಯ ಆಕಾರದಲ್ಲಿ, ತೆಳ್ಳಗಿನ ಒಂದು ಚರ್ಮದ ತುಂಡು. ಅದನ್ನು ಹೊಸದಿರುವಾಗ ನಾನೇ ಚಾಕುವಿನಿಂದ ಕೆರೆದು ಒರಟು ಮಾಡಿಕೊಟ್ಟಿದ್ದೆ, ಜಾರದಿರಲಿ ಎಂದು. ಇಲ್ಲ ಎನ್ನಲು ಎರಡಕ್ಷರ ಸಾಕು. ಮೇಡಂ ಕಣ್ಣಿನಲ್ಲೇ ಆ ಎರಡಕ್ಷರವನ್ನು ನನಗೆ ಒದಗಿಸುತ್ತಿದ್ದರು. ಹುಡುಗಿಯನ್ನು ನೋಡಿದೆ. ಅವಳಿಗೂ ಗೊತ್ತಿತ್ತು, ಕೆರೆಯುವಾಗ ಪಕ್ಕದಲ್ಲಿ ಕೂತಿದ್ದಳು. ಅವಳು ನನಗೆ ಏನನ್ನೂ ಒದಗಿಸಲಿಲ್ಲ, ನೆಲ ನೋಡುತ್ತಿದ್ದಳು.

“ತಳದಲ್ಲಿದೆ. ತೆಳ್ಳಗೆ,” ಎಂದೆ.

ಆ ಕ್ಷಣದಲ್ಲಿ ನಾನು ಸತ್ಯಕ್ಕಾಗಿ ಹೇಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವೆಂದರೆ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಬರೆದು ನನಗೆ ಅಭ್ಯಾಸವಿಲ್ಲ. ಅದೊಂದು ಅಂಗವೈಕಲ್ಯ. ಮೇಡಂ ನನ್ನ ಕಿವಿಯ ಹತ್ತಿರ ಬಂದು, “ನಿನ್ನ ಡಿಗ್ರಿ ತಗೊಂಡು ನೀನೇ ಸ್ಟೇಜ್ ಮೇಲೆ ಕುಣಿ ಈಗ,” ಎಂದರು. ತಾತ ನಿಟ್ಟುಸಿರು ಬಿಟ್ಟು, “ಓಗ್ಲಿ ಬುಡವ್ವ, ಮುಂದಿನ್ ವರ್ಸ ಬೇರೆ ಕಡೆ ಮಾಡ್ಸಾನ,” ಎಂದರು. ಮುಂದಿನ ವರ್ಷ ಎಂಬುದು ಇರಲಿಲ್ಲ. ಅದು ತಾತನಿಗೆ ಗೊತ್ತಿರಲಿಲ್ಲ, ನಮಗೆ ಮೂವರಿಗೂ ಗೊತ್ತಿತ್ತು. ಅವಳು ಮೆಟ್ಟಿಲ ಮೇಲೆ ಕೂತು ರಿಬ್ಬನ್ನಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಡಿಸಲಿಲ್ಲ. ಕೈ ಹಾಗೇ ಇತ್ತು.

ಮೇಲಿನಿಂದ ಅರ್ಚಕರು ಇಳಿದು ಬಂದರು. ಐವತ್ತರ ಆಸುಪಾಸಿನವರು. ಅವರಿಗೆ ಆ ಸಂಜೆ ಇನ್ನೂ ಎರಡು ಪೆಂಡಾಲುಗಳ ಪೂಜೆಯಿತ್ತು. ಆದ್ದರಿಂದ ನಮ್ಮ ಧರ್ಮಸಂಕಟಕ್ಕೆ ಸಮಯವಿರಲಿಲ್ಲ.

“ಏನ್ರೀ ಯಜಮಾನ್ರೇ, ನೈವೇದ್ಯಕ್ಕೆ ಹೊತ್ತಾಯ್ತು, ಏನಿದು ಗುಂಪು?”

ತಾತ ವಿಷಯ ಹೇಳಿದರು. ಅರ್ಚಕರು ಶೂ ನೋಡಿದರು, ಹುಡುಗಿಯನ್ನು ನೋಡಿದರು, ವಾಚು ನೋಡಿದರು.

“ಇದಕ್ಯಾಕ್ರೀ ಇಷ್ಟು ತಲೆ ಕೆಡಿಸ್ಕೋತೀರಾ? ನೈವೇದ್ಯಕ್ಕೆ ನಾನು ತೆರೆ ಎಳೀತೀನಲ್ಲ. ತೆರೆ ಬಿದ್ಮೇಲೆ ಸ್ವಾಮಿ ಊಟಕ್ಕೆ ಕೂತ ಹಾಗೆ. ಊಟ ಮಾಡೋರು ಆಚೆ ಈಚೆ ನೋಡ್ತಾರಾ? ಅಷ್ಟರಲ್ಲಿ ಮಗು ಕುಣಿದು ಇಳಿದುಬಿಡ್ಲಿ. ಎಷ್ಟ್ ಹೊತ್ತಮ್ಮ ನಿಂದು?”

“ಎರಡು ನಿಮಿಷ ಹತ್ತು ಸೆಕೆಂಡು,” ಎಂದಳು ಹುಡುಗಿ, ತಲೆಯೆತ್ತದೆ.

“ಅಷ್ಟೇನಾ! ಇಷ್ಟಕ್ಕೆ ಇಷ್ಟು ಅಲಂಕಾರವಾ?”

“ಆಮ್ಯಾಕೆ ಸ್ಟೇಜು ಮೈಲ್ಗೆ ಆಗಾಕಿಲ್ವಾ, ಸ್ವಾಮಿ?” ಎಂದರು ತಾತ.

“ಪ್ರೋಕ್ಷಣೆ ಮಾಡ್ತೀನಿ. ಒಂದು ಚೊಂಬು ನೀರು. ಆಮೇಲೆ ನಿಮ್ಮ ಆರ್ಕೆಸ್ಟ್ರಾದವರು ಬರ್ತಾರಲ್ಲ, ಅವರಿಗಿಂತ ಈ ಮಗು ಪಾದವೇ ಶುದ್ಧವಾಗಿದೆ. ಬೇಗ ಹೇಳಿ, ಕಡುಬು ಆರ್ತಾ ಇದೆ.”

ನಾನು ಹದಿನೈದು ವರ್ಷದಲ್ಲಿ ಬ್ಯಾಲೆಯ ಬಗ್ಗೆ ಹಲವು ವಿದ್ವತ್ಪೂರ್ಣ ಮಾತುಗಳನ್ನು ಕೇಳಿದ್ದೇನೆ. ಬ್ಯಾಲೆಗೆ ಇಷ್ಟು ಉಪಯೋಗಕ್ಕೆ ಬಂದದ್ದು ಯಾವುದೂ ಇಲ್ಲ. ತಾತ ಗಣಪತಿಯ ಕಡೆ ಒಮ್ಮೆ ನೋಡಿ, ಆತ ಆಕ್ಷೇಪಿಸದಿದ್ದುದರಿಂದ, ಕೈ ಕೆಳಗಿಳಿಸಿದರು.

ಹೀಗೆ ದೇವರ ಕಡೆಯಿಂದ ಎಲ್ಲವನ್ನೂ ಸರಿಮಾಡಿಕೊಂಡೆವು. ಜನರ ಕಡೆಯಿಂದ ಯಾರೂ ಯೋಚಿಸಲಿಲ್ಲ.

ಜರಿಯಂಚಿನ ಕೆಂಪು ತೆರೆ ದಾರದ ಮೇಲೆ ಸರಿಯಿತು. ಗಣಪತಿ ಮರೆಯಾದ. ಹುಡುಗಿ ಮೂರು ಹೆಜ್ಜೆಯಲ್ಲಿ ಸ್ಟೇಜಿನ ಮಧ್ಯಕ್ಕೆ ಬಂದು ನಿಂತಳು. ನಾನು ಮೂರನೆಯ ಸಾಲಿನ ಹಿಂದೆ ಓಡಿಹೋಗಿ ಫೋನಿನಲ್ಲಿ ಕೆಂಪು ಗುಂಡಿ ಒತ್ತಿದೆ. ಸ್ಪೀಕರಿನಲ್ಲಿ ಪಿಯಾನೊ ಶುರುವಾಯಿತು. ಆಗ ಇನ್ನೂರು ಜನ ಒಟ್ಟಿಗೆ ಎದ್ದು ನಿಂತು ಕೈಮುಗಿದರು.

ತೆರೆ ಬಿತ್ತು, ಒಳಗೆ ಗಂಟೆ ಅಲುಗಿತು, ನೈವೇದ್ಯವಾಗುತ್ತಿದೆ. ಎದ್ದು ನಿಲ್ಲಬೇಕು, ಕೈಮುಗಿಯಬೇಕು, ತೆರೆ ಸರಿದು ಮಂಗಳಾರತಿಯಾಗುವವರೆಗೆ ಕಾಯಬೇಕು. ಇದು ಅಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯದಿದ್ದವಳು ಪೆಂಡಾಲಿನಲ್ಲಿ ಒಬ್ಬಳೇ, ಅವಳು ಸಂಖ್ಯಾಶಾಸ್ತ್ರದವಳು. ನನ್ನ ಫೋನಿನ ಪರದೆಯಲ್ಲಿ ಹುಡುಗಿ ಇರಲಿಲ್ಲ. ಒಂದು ಹಸಿರು ಸೀರೆಯ ಬೆನ್ನು, ಒಂದು ಬೋಳು ತಲೆ, ಒಂದು ಮಲ್ಲಿಗೆ ದಂಡೆ.

ಪಾದ ಕಾಣಬೇಕು. ಎಲ್ಲೂ ಕತ್ತರಿಸಿರಬಾರದು.

ನಾನು ಸಾರ್ವಜನಿಕ ಸ್ಥಳದಲ್ಲಿ ಜೋರಾಗಿ ಸೀನುವವಳೂ ಅಲ್ಲ. ತರಗತಿಯಲ್ಲಿ ಎದ್ದು ನಿಂತು ಸೆಮಿನಾರು ಕೊಡುವ ದಿನ ಊಟ ಬಿಡುತ್ತಿದ್ದವಳು. ಆದರೂ ಸ್ಟ್ಯಾಂಡಿನಿಂದ ಫೋನನ್ನು ಕಿತ್ತು, ರೆಕಾರ್ಡು ನಿಲ್ಲದಂತೆ ಹಿಡಿದು, ಪಕ್ಕದ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತೆ. ಕೈಗಳನ್ನು ತಲೆಯ ಮೇಲಕ್ಕೆ ಚಾಚಿದೆ. ಇನ್ನೂರು ಮುಗಿದ ಕೈಗಳ ನಡುವೆ, ದೇವರು ಊಟ ಮಾಡುತ್ತಿರುವಾಗ, ಎಲ್ಲರಿಗಿಂತ ಎತ್ತರದಲ್ಲಿ ನಾನು.

“ಏ, ಇಳೀರೀ ಕೆಳಗೆ! ನೈವೇದ್ಯ ಆಗ್ತಿದೆ, ಕಾಣ್ಸಲ್ವಾ?” ಎಂದರು ಹಸಿರು ಸೀರೆಯವರು, ಕಣ್ಣು ಅರ್ಧ ಮುಚ್ಚಿಕೊಂಡೇ.

“ಕಾಣ್ಸಲ್ಲ, ಅದಕ್ಕೇ ಹತ್ತಿದ್ದೀನಿ ಕಣ್ರೀ,” ಎಂದೆ. ಅಪರಿಚಿತರಿಗೆ ನಾನು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅದೂ ವೀಡಿಯೊದಲ್ಲಿದೆ.

ಅವರು ನನ್ನ ದುಪಟ್ಟಾ ಎಳೆದರು. ದುಪಟ್ಟಾ ಅವರಿಗೆ ಬಿಟ್ಟುಕೊಟ್ಟೆ.

ಪಿಯಾನೊದ ಆರಂಭದ ತುಣುಕು ಹನ್ನೊಂದು ಸೆಕೆಂಡು. ಆ ಹೊತ್ತಿನಲ್ಲಿ ಹುಡುಗಿ ಅಲುಗದೆ ನಿಲ್ಲಬೇಕು. ಹನ್ನೆರಡನೆಯದಕ್ಕೆ ಅವಳು ಮೇಲೆದ್ದಳು, ಅಷ್ಟರಲ್ಲಿ ನಾನೂ ಮೇಲಿದ್ದೆ. ಆಮೇಲೆ ನಡೆದದ್ದನ್ನು ನಾನು ನೇರವಾಗಿ ನೋಡಿಲ್ಲ, ಕೈ ಚಾಚಿ ಹಿಡಿದ ಅಂಗೈಯಗಲದ ಪರದೆಯಲ್ಲಿ ನೋಡಿದೆ. ಗಾಳಿಗೆ ಕೆಂಪು ತೆರೆ ಉಬ್ಬುತ್ತಿತ್ತು. ಅದರ ಮುಂದೆ ಬಿಳಿ ಡ್ರೆಸ್ಸಿನ ಒಂದು ಹುಡುಗಿ, ತನ್ನ ಜೀವನದ ಒಂಬತ್ತು ವರ್ಷವನ್ನು ಎರಡು ಹೆಬ್ಬೆರಳ ಮೇಲೆ ಇಟ್ಟುಕೊಂಡು, ಒಬ್ಬರೂ ತನ್ನನ್ನು ನೋಡಲು ಬಂದಿರದ ಜನರ ಮುಂದೆ ತಿರುಗುತ್ತಿದ್ದಳು. ನಾನು ಅವಳಲ್ಲಿ ಯಾವಾಗಲೂ ತಿದ್ದುವ ಎಡಮೊಣಕೈ ಅಂದು ಇಳಿಯಲಿಲ್ಲ. ಮೂರು ತಿರುವು ಇರಬೇಕಾದಲ್ಲಿ ಮೂರೇ ಇದ್ದವು, ನಾಲ್ಕನೆಯದಕ್ಕೆ ಆಸೆಪಡಲಿಲ್ಲ. ಮಧ್ಯೆ ಒಮ್ಮೆ ತೆರೆಯ ಅಂಚಿನಿಂದ ಅರ್ಚಕರ ಮುಖ ಹೊರಬಂತು. ಇನ್ನೂ ಮುಗಿದಿಲ್ಲ ಎಂದು ನೋಡಿಕೊಂಡು ಒಳಗೆ ಹೋಯಿತು. ಒಳಗೆ ಮಂತ್ರ ಮೊದಲಿನಿಂದ ಮತ್ತೆ ಶುರುವಾದದ್ದು ಕೇಳಿಸಿತು. ಗಣಪತಿ ಅಂದು ಎರಡು ಸಲ ಉಂಡ.

ಮುಂದಿನ ಸಾಲಿನಲ್ಲಿ ತಾತ ಕೈಮುಗಿದು ನಿಂತಿದ್ದರು. ಕಣ್ಣು ಮಾತ್ರ ಮುಚ್ಚಿರಲಿಲ್ಲ.

ಕೊನೆಯ ಭಂಗಿಯಾದ ಮೇಲೆ ಬ್ಯಾಲೆಯಲ್ಲಿ ಪ್ರೇಕ್ಷಕರಿಗೆ ಒಂದು ಮಂಡಿ ಬಗ್ಗಿಸಿ ವಂದಿಸುತ್ತಾರೆ. ಹುಡುಗಿ ವಂದಿಸಿದಳು. ಚಪ್ಪಾಳೆ ಬರಲಿಲ್ಲ, ಕೈಗಳು ಬೇರೆ ಕೆಲಸದಲ್ಲಿದ್ದವು. ಎಲ್ಲರೂ ಎದೆಯ ಹತ್ತಿರ ಕೈಮುಗಿದು ನಿಂತಿದ್ದರು, ಅವಳು ಅವರಿಗೆ ಬಗ್ಗಿದಳು. ನಾನು ನೋಡಿದ ವಂದನೆಗಳಲ್ಲಿ ಅದರಷ್ಟು ಮರ್ಯಾದೆಯದು ಇನ್ನೊಂದಿಲ್ಲ, ಯಾರಿಗೂ ಅದು ಗೊತ್ತಾಗಲಿಲ್ಲ ಎಂಬುದೊಂದೇ ಕೊರತೆ. ಅವಳು ಇಳಿದಳು, ಜಾಗಟೆ ಮೊಳಗಿತು, ತೆರೆ ಸರಿಯಿತು.

ನಾನು ಕುರ್ಚಿಯಿಂದ ಇಳಿದು ಹಸಿರು ಸೀರೆಯವರಿಂದ ದುಪಟ್ಟಾ ವಾಪಸು ತೆಗೆದುಕೊಂಡೆ. ಹುಡುಗಿ ಆರತಿಯ ಗುಂಪನ್ನು ದಾಟಿಕೊಂಡು ಬಂದಳು.

“ಬಂತಾ ಅಕ್ಕ? ಪಾದ ಬಂತಾ?”

“ಮೊದಲ ಹನ್ನೊಂದು ಸೆಕೆಂಡು ಬೆನ್ನುಗಳಿವೆ. ಆಮೇಲೆ ಪೂರ್ತಿ ಬಂದಿದೆ. ಸ್ವಲ್ಪ ಅಲುಗಾಡಿದೆ.”

“ಎಷ್ಟು ಸ್ವಲ್ಪ?”

“ಭೂಕಂಪದಷ್ಟು.”

ಅವಳು ನಕ್ಕಳು. ಆಮೇಲೆ, ಆ ಸಂಜೆಯಲ್ಲಿ ಮೊದಲ ಬಾರಿಗೆ, ಅತ್ತಳು. ಮೇಡಂ ಬಂದು ಅವಳನ್ನು ಅಪ್ಪಿಕೊಂಡು, “ನೋಡಿದ್ಯಾ? ಇಡೀ ಏರಿಯಾ ಎದ್ದು ನಿಂತಿತ್ತು ನಿನಗೆ!” ಎಂದರು. ನನಗೆ ಲೋಕಜ್ಞಾನ ಸಾಲದು ಎಂಬುದನ್ನು ಮಾರನೆಯ ದಿನ ಬಿಡುವಾಗಿ ಹೇಳಿದರು.

ವೀಡಿಯೊ ಕಳಿಸಿದೆವು. ಅರ್ಜಿಯಲ್ಲಿ ಪ್ರದರ್ಶನದ ಬಗ್ಗೆ ನಾಲ್ಕು ಸಾಲು ಬರೆಯಬೇಕಿತ್ತು. ಮೇಡಂ ಹೇಳಿದಂತೆ ಬರೆದಿದ್ದರೆ ಇನ್ನೂರು ಜನರ ಹರ್ಷೋದ್ಗಾರ ಇರುತ್ತಿತ್ತು. ಹುಡುಗಿ ತಾನೇ ಬರೆದಳು. ಜನ ಎದ್ದದ್ದು ದೇವರಿಗೆ, ತನಗಲ್ಲ. ಗಂಟೆಯ ಸದ್ದು ಸಂಗೀತದ್ದಲ್ಲ. ಮೊದಲ ಹನ್ನೊಂದು ಸೆಕೆಂಡಿಗೆ ಕ್ಷಮಿಸಿ. ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟಳು.

ಆಮೇಲೆ ಮೂರು ತಿಂಗಳು ಏನೂ ಆಗಲಿಲ್ಲ. ಅವಳು ಹಗಲು ಪ್ರಿಪರೇಟರಿ ಪರೀಕ್ಷೆಗೆ ಓದುವುದು, ಸಂಜೆ ಪೈಪು ಹಿಡಿಯುವುದು. ಫಲಿತಾಂಶ ಬಂತಾ ಎಂದು ನಾನು ಕೇಳಲಿಲ್ಲ. ಬಂದರೆ ಹೇಳುತ್ತಾಳೆ. ಬರದಿರುವುದನ್ನು ದಿನಾ ಒಂದು ಹುಡುಗಿಯ ಬಾಯಲ್ಲಿ ಹೇಳಿಸುವುದು ಯಾಕೆ?

ಜನವರಿಯ ಒಂದು ಸಂಜೆ ಚಿಕ್ಕ ಮಕ್ಕಳ ಮಂಡಿ ನೇರ ಮಾಡುತ್ತಿದ್ದಾಗ ಬಾಗಿಲಲ್ಲಿ ಅವಳ ಅಪ್ಪ ಕಾಣಿಸಿದರು. ಒಂಬತ್ತು ವರ್ಷದಲ್ಲಿ ಅವರು ಎರಡನೆಯ ಮಹಡಿಯವರೆಗೆ ಬಂದದ್ದು ಅದೇ ಮೊದಲು. ಮಗಳು ಅವರ ಹಿಂದಿದ್ದಳು. ಅವರ ಕೈಯಲ್ಲಿ ಫೋನು. ಫೋನನ್ನು ನನ್ನ ಮುಂದೆ ಹಿಡಿದರು. ಆಯ್ಕೆಯಾಗಿದ್ದಾಳೆ ಎಂದು ಎರಡು ಸಾಲಿನಲ್ಲಿತ್ತು. ಕೆಳಗೆ ಒಂದು ಸೂಚನೆ: ಮುಂದೆ ವೀಡಿಯೊ ತೆಗೆಯುವಾಗ ದಯವಿಟ್ಟು ಕ್ಯಾಮೆರಾವನ್ನು ಸ್ಥಿರವಾಗಿಡಲು ತಿಳಿದವರ ಸಹಾಯ ಪಡೆಯಿರಿ. ನನ್ನ ಬಗ್ಗೆ ಒಂದು ವಿಶ್ವದರ್ಜೆಯ ಸಂಸ್ಥೆ ಕೊಟ್ಟ ಅಭಿಪ್ರಾಯ ಸದ್ಯಕ್ಕೆ ಅದೊಂದೇ.

“ಸಂತೋಷ ಸರ್,” ಎಂದೆ.

“ಸಂತೋಷ ಹೌದು,” ಎಂದರು ಅವರು. ಮುಖದಲ್ಲಿ ಅದು ಇನ್ನೂ ದಾರಿ ಹುಡುಕುತ್ತಿತ್ತು. “ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಏನು ಅಂತ ಹೇಳಿದ್ದೆ ಟೀಚರ್. ಆದ್ರೆ ಏನು ಅಂತ... ನಿಜ ಹೇಳ್ಬೇಕಂದ್ರೆ ಯೋಚ್ನೆನೇ ಮಾಡಿರ್ಲಿಲ್ಲ.”

“ನಾನ್ ಮಾಡಿದ್ದೀನಿ ಅಪ್ಪ,” ಎಂದಳು ಮಗಳು.

ಬ್ಯಾಗಿನಿಂದ ವಿಜ್ಞಾನದ ನೋಟ್ಸು ತೆಗೆದು ಅದರ ಕೊನೆಯ ಹಾಳೆ ತೋರಿಸಿದಳು. ಯಾವ ರೈಲು, ಯಾವ ದಿನ, ಕೋಚಿಂಗಿನ ಆರು ವಾರದ ಪಾಠ ಯಾವುದು, ಅದನ್ನು ಬಂದ ಮೇಲೆ ಎಷ್ಟು ದಿನದಲ್ಲಿ ಮುಗಿಸಬಹುದು, ಜೊತೆಗೆ ಯಾವ ಚಿಕ್ಕಮ್ಮ ಬರಬಹುದು, ಆ ಚಿಕ್ಕಮ್ಮನನ್ನು ಯಾರು ಒಪ್ಪಿಸಬೇಕು. ಅಪ್ಪ ನಿಂತಲ್ಲೇ ಓದಿದರು. ಮಕ್ಕಳು ಮಂಡಿ ಬಗ್ಗಿಸಿಕೊಂಡೇ ಅವರನ್ನು ನೋಡುತ್ತಿದ್ದರು, ನಾನೂ ತಿದ್ದಲಿಲ್ಲ.

“ಇದನ್ನ ಯಾವಾಗ ಬರ್ದಿದ್ದು?”

“ಜೂನಲ್ಲಿ.”

ಜೂನ್ ಎಂದರೆ ಮೆಟ್ಟಿಲ ಬಳಿ ಷರತ್ತು ಹಾಕಿದ ತಿಂಗಳು. ಅಪ್ಪನಿಗೂ ಅದು ನೆನಪಾಗಿರಬೇಕು. ಹಾಳೆಯನ್ನು ಮಡಿಸಲು ಹೋಗಿ, ಮಡಿಸದೆ, ಮತ್ತೆ ಮೇಲಿನಿಂದ ಓದಿದರು.

“ಎಲ್ಲಾ ಬರ್ದಿದ್ದೀಯ. ಊಟದ್ದೇ ಬರ್ದಿಲ್ಲ. ಅಲ್ಲಿ ಊಟ ಹೇಗೆ?”

“ಗೊತ್ತಿಲ್ಲ.”

“ಅನ್ನ ಸಾರು ಮಾಡ್ತಾರಾ?”

“ಗೊತ್ತಿಲ್ಲ ಅಪ್ಪ.”

ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ಸರಿ, ಹೋಗಿ ನೋಡ್ಕೊಂಡ್ ಬಾ,” ಎಂದರು.